ಬಿಳಿ ಬನಿಯನ್ನಿನ ಸ್ಯಾಂಪಲ್

ಕುರಿಚಿ
6 ಏಪ್ರಿಲ್ 2025

ಧರಣಿ,

ಕ್ಷೇಮವಾ ಎಂದು ಕೇಳುವ ಮನಸ್ಸಿಲ್ಲ. ಬೈಯುವುದಕ್ಕೇ ಕೂತಿದ್ದೇನೆ.

ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಕಾಗದ. ಇನ್‌ಲ್ಯಾಂಡ್ ಲೆಟರ್ ಕೊಡಿ ಎಂದಾಗ ಪೋಸ್ಟಾಫೀಸಿನಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲಿಂದಲೋ ಹುಡುಕಿ ಒಂದನ್ನು ಕೊಟ್ಟರು. ಹೇಗೂ ನನ್ನ ಸಿಮ್ಮು, ಲ್ಯಾಪ್‌ಟಾಪು ಎರಡೂ ಕಂಪನಿಯವೇ. ಸಂಜೆ ಟೀ ಕುಡಿಯುತ್ತ ನಿಮ್ಮ ಮಾಮ ತಿರುಮೂರ್ತಿ ಸಾರ್ ಎಲ್ಲರ ಮೆಸೇಜು ಓದುತ್ತಾರೆ ಎಂದು ಹೇಳಿದವಳು ನೀನೇ ಅಲ್ಲವೇ? ಅವರು ಮನೆಯಲ್ಲಿ ಕನ್ನಡವನ್ನೇ ಮಾತಾಡಿದರೂ ಕನ್ನಡದ ಅಕ್ಷರ ಒಂದೂ ಬರುವುದಿಲ್ಲ. ಹಾಸ್ಟೆಲ್ ಟೆರೇಸಿನಲ್ಲಿ ಕೂತು ನಿನಗೆ ಅ ಆ ಇ ಈ ತಿದ್ದಿಸಿದ್ದು ಹೀಗೆ ಉಪಯೋಗಕ್ಕೆ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ ಮಾರಾಯ್ತಿ.

ಈಗ ಜಗಳಕ್ಕೆ ಬರುತ್ತೇನೆ. ಕಡೂರಿನಲ್ಲಿ ಅಮ್ಮನ ಜೊತೆ ಸುಮ್ಮನೆ ಇದ್ದವಳನ್ನು “ನಮ್ಮ ಮಾಮನ ಸಾಫ್ಟ್‌ವೇರ್ ಕಂಪನಿ ತಾನೆ, ಬಾ ಮಾ, ಭಯ ಬೇಡ” ಎಂದು ಈ ತಮಿಳು ಊರಿಗೆ ಕರೆದವಳು ನೀನು. ಸೇರಿದ ದಿನವೇ ನನ್ನ ಮೂಲ ಅಂಕಪಟ್ಟಿ, ಡಿಗ್ರಿ ಎಲ್ಲವನ್ನೂ ಅವರು “ಜೋಪಾನವಾಗಿ ಇರಲಿ ಕಣ್ಣು” ಎಂದು ಮುದ್ದಿನಿಂದ ಕರೆದು ತಮ್ಮ ಬೀರುವಿಗೆ ಹಾಕಿ ಬೀಗ ಜಡಿದಾಗ ಪಕ್ಕದಲ್ಲೇ ನಿಂತಿದ್ದವಳೂ ನೀನು. ನಿನ್ನದನ್ನು ಮಾತ್ರ ಕೇಳಲಿಲ್ಲ, ನೀನು ಅಕ್ಕನ ಮಗಳು. ಈಗ ಹೇಳದೆ ಕೇಳದೆ ಬ್ಯಾಗ್ ಹಿಡಿದು ಪಲ್ಲಡಂ ಬಸ್ ಹತ್ತಿ ಹೋಗಿಬಿಟ್ಟೆ. ನಾನು ಬೆಳಿಗ್ಗೆ ಎದ್ದು ನಿನ್ನ ಮಂಚ ನೋಡಿದರೆ ಬೆಡ್‌ಶೀಟ್ ಮಡಿಸಿಟ್ಟಿತ್ತು. ಅದನ್ನಾದರೂ ಕೆದರಿ ಹೋಗಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲ.

ಒಂದು ಸುದ್ದಿ ಇದೆ. ನಾನು ಬರೆದಿದ್ದ ಪಾಲಿಟೆಕ್ನಿಕ್ ಉಪನ್ಯಾಸಕಿ ಪರೀಕ್ಷೆ ಪಾಸಾಗಿದೆ. ಜುಲೈ ಇಪ್ಪತ್ತೊಂದಕ್ಕೆ ಮೂಲ ದಾಖಲೆಗಳನ್ನು ತಂದು ತೋರಿಸಬೇಕು. ಜೆರಾಕ್ಸ್ ನಡೆಯುವುದಿಲ್ಲ, ಇನ್ನೊಂದು ತಾರೀಖೂ ಇಲ್ಲ. ಅಮ್ಮ ಆಗಲೇ ಬೀದಿಗೆಲ್ಲ ಸಕ್ಕರೆ ಹಂಚಿದ್ದಾಳೆ.

ಮಾಮನನ್ನು ಕೇಳಿದೆ. “ಕೊಡ್ತೀನಿ ಕಣ್ಣು. ಕೈಯಲ್ಲಿರೋ ಕೆಲಸ ಮುಗಿಸು, ಅಪ್ಪುರ ಕೊಡ್ತೀನಿ” ಎಂದರು. ಅವರ ಆ ‘ಆಮೇಲೆ’ ಯಾವಾಗ ಬರುತ್ತದೋ. ಕೆಲಸ ಯಾವುದು ಗೊತ್ತಾ? ತಿರುಪ್ಪೂರಿನಲ್ಲಿ ಮಕ್ಕಳ ಉಡುಪು ರಫ್ತು ಮಾಡುವ ದೇವರಾಜನ್ ತಮ್ಮ ಆರ್ಡರುಗಳ ಲೆಕ್ಕಕ್ಕೆ ನಮ್ಮ ಪ್ರೋಗ್ರಾಮು ತೆಗೆದುಕೊಂಡು ನಮ್ಮ ದೊಡ್ಡ ಗಿರಾಕಿ ಆಗುವವರಿದ್ದಾರೆ. “ಪುಕ್ಕಟೆ ಸಿಗುವ ಓಆರ್‌ಎಂ ಟೂಲ್‌ಗಳು ಬೇಕಾದಷ್ಟಿರುವಾಗ ನಿಮ್ಮದೇ ‘ನೂಲ್’ ಯಾಕೆ ಬೇಕು, ಹೋಲಿಸಿ ತೋರಿಸಿ” ಎಂದು ಅವರು ಕೇಳಿದ್ದಾರಂತೆ. ನಿಮ್ಮ ಮಾಮ ಸ್ವಂತ ಕೈಯಿಂದ ಬರೆದ ನೂಲ್ ಒಂದು ಕಡೆ, ಹೊರಗಿನ ಮೂರು ಟೂಲ್ ಇನ್ನೊಂದು ಕಡೆ. ಓಡಿಸಿ, ಅಳೆದು, ವರದಿ ಬರೆದು ನಾನು ಸಹಿ ಹಾಕಬೇಕು.

ಅಮ್ಮ ಫೋನಿನಲ್ಲಿ ಏನು ಕೆಲಸ ಎಂದಳು. ಡೇಟಾಬೇಸ್ ಅನ್ನುವುದು ಉಗ್ರಾಣ, ನಮ್ಮ ಪ್ರೋಗ್ರಾಮು ಅಡುಗೆಮನೆ, ಉಗ್ರಾಣದಿಂದ ಸಾಮಾನು ತಂದುಕೊಡುವ ಆಳು ಓಆರ್‌ಎಂ, ನಾಲ್ಕು ಆಳುಗಳಲ್ಲಿ ಯಾರು ಚುರುಕು ಅಂತ ನೋಡಬೇಕು ಎಂದೆ. “ಅದಕ್ಕೆ ಇಷ್ಟು ಓದಬೇಕಿತ್ತಾ?” ಎಂದಳು.

ಉತ್ತರ ಬರೆಯದಿದ್ದರೆ ವೆಳ್ಳಕೋಯಿಲ್‌ಗೇ ಬಂದು ನಿಮ್ಮ ಮನೆ ಮುಂದೆ ನಿಂತು ಕೂಗುತ್ತೇನೆ.

ಇನ್ನೂ ಕೋಪದಲ್ಲೇ ಇರುವ
ಅಪೂರ್ವ


ವೆಳ್ಳಕೋಯಿಲ್
20 ಏಪ್ರಿಲ್ 2025

ಅಪೂರ್ವಾ,

ನಿನ್ನ ಕಾಗದವನ್ನು ಅಕ್ಷರ ಕೂಡಿಸಿಕೊಂಡು ಓದಿದೆ. ಬೈಗುಳ ಬಂದಲ್ಲೆಲ್ಲ ಒತ್ತಕ್ಷರ ಜಾಸ್ತಿ ಇತ್ತು, ಅದರಿಂದ ಹೆಚ್ಚು ಹೊತ್ತು ಬೈಸಿಕೊಂಡೆ. ನನ್ನ ಬರಹ ಗೊತ್ತಲ್ಲ, ನಾವು ಮನೆಯಲ್ಲಿ ಆಡೋ ಕನ್ನಡವನ್ನೇ ನೀನು ಕಲಿಸಿದ ಅಕ್ಷರದಲ್ಲಿ ಹಾಕುತ್ತೇನೆ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಬೇಡ.

ಫೋನ್ ಎತ್ತದೆ ಇದ್ದದ್ದು ನಿಜ. ಎತ್ತಿದರೆ ನೀನು ಕೂಗುತ್ತೀಯ, ನಾನು ಅಳುತ್ತೇನೆ, ಪಾಟಿ ಬಂದು ಯಾರು ಅಂತ ಕೇಳುತ್ತಾಳೆ. ಸುಬ್ಬಾತಾಳ್ ಪಾಟಿ ನಮ್ಮಮ್ಮನ ಅಮ್ಮ, ಅವಳ ಮುಂದೆ ಮಾಮನ ಮೇಲೆ ದೂರು ತೆಗೆಯೋ ಹಾಗಿಲ್ಲ, ಅವಳಿಗೆ ಇರೋ ಒಬ್ಬನೇ ಗಂಡುಮಗ.

ನಾನು ಯಾಕೆ ಬಂದೆ ಅಂದರೆ, ಮಾಮ ನನ್ನನ್ನು ಕೆಲಸಕ್ಕೆ ಅಂತ ಇಟ್ಟುಕೊಂಡಿರಲಿಲ್ಲ. “ನಮ್ಮ ಹುಡುಗಿ ತಾನೆ” ಅಂತ ಇಟ್ಟುಕೊಂಡಿದ್ದರು. ರಜೆ ಕೇಳಿದರೆ “ನಿನಗ್ಯಾತಕ್ಕೆ ರಜೆ, ಇದು ನಿನ್ನ ಮನೆ”. ಸಂಬಳ ಕೇಳಿದರೆ “ಎಲ್ಲಾ ನಿಂದೇ ತಾನೆ”. ಎಲ್ಲಾ ನಂದೇ ಆದ ಮೇಲೆ ಒಂದು ಭಾನುವಾರ ಕೂಡ ನಂದಾಗಿರಲಿಲ್ಲ. ನಿನಗೆ ಹೇಳಿದ್ದರೆ “ಸ್ವಲ್ಪ ಇರು” ಅಂತ ನೀನು ಅನ್ನುತ್ತಿದ್ದೆ. ನೀನು ಹೇಳಿದರೆ ನಾನು ಇರುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಇಲ್ಲಿ ಬಸ್ ಸ್ಟಾಂಡ್ ಹತ್ತಿರ ಒಂದು ರೂಮು ಹಿಡಿದಿದ್ದೇನೆ, ಕೆಳಗೆ ಎಣ್ಣೆ ಗಾಣ. ಸುತ್ತಲಿನ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡೋಣ ಅಂತ. ಬೋರ್ಡು ಬರೆಯೋಕೆ ಕೊಟ್ಟಿದ್ದೇನೆ. ನನ್ನ ಹೆಸರು ತಮಿಳಿನಲ್ಲಿ, ಅದರ ಕೆಳಗೆ ಚಿಕ್ಕದಾಗಿ ಕನ್ನಡದಲ್ಲಿ. ಇಲ್ಲಿ ಅದನ್ನು ಓದೋರು ಯಾರೂ ಇಲ್ಲ, ನೀನು ಬಂದಾಗ ಓದು.

ಪಾಸಾಗಿದ್ದಕ್ಕೆ ಇಲ್ಲೇ ಕುಣಿದೆ. ಕೆಲಸ ಬೇಗ ಮುಗಿಸು. ಮಾಮ ಕೊಟ್ಟ ಮಾತಿಗೆ ತಪ್ಪೋರಲ್ಲ.

ಬೈಸಿಕೊಂಡು ಸುಮ್ಮನಾದ
ಧರಣಿ


ಕುರಿಚಿ
11 ಮೇ 2025

ಧರಣಿ,

ಅರ್ಧ ಕೋಪ ಇಳಿದಿದೆ. ಇನ್ನರ್ಧ ಬೋರ್ಡು ನೋಡಿದ ಮೇಲೆ ಇಳಿಯುತ್ತದೆ.

ಕೆಲಸ ಮುಗಿದಿದೆ, ಆದರೆ ಮುಗಿದಿಲ್ಲ. ಕೇಳು. ಮಾಮ ಕೊಟ್ಟ ಡೇಟಾದ ಮೇಲೆ ನಾಲ್ಕೂ ಟೂಲ್ ಓಡಿಸಿದೆ. ನೂಲ್ ಗಾಳಿಯಂತೆ ಓಡಿತು, ಉಳಿದ ಮೂರೂ ಹಿಂದೆ. ನನಗೇ ಆಶ್ಚರ್ಯವಾಗಿ ಆ ಡೇಟಾ ಬಿಚ್ಚಿ ನೋಡಿದರೆ, ದೇವರೇ, ಪೂರ್ತಿ ಬಿಳಿ ಬನಿಯನ್! ಒಂದೇ ಬಣ್ಣ, ಒಂದೇ ಅಳತೆ, ಒಂದೇ ಡಿಸೈನು. ಸಾಲದ್ದಕ್ಕೆ ನೂಲನ್ನು ಅಳೆಯುವ ಮುಂಚೆ ಒಂದು ಸಲ ಸುಮ್ಮನೆ ಓಡಿಸಿ ಬಿಸಿ ಮಾಡಿಕೊಳ್ಳುವ ಏರ್ಪಾಡು ಇದೆ. ಉಳಿದವು ತಣ್ಣಗೆ ಎದ್ದು ಓಡಬೇಕು.

ದೇವರಾಜನ್ ಮಾಡುವುದು ಮಕ್ಕಳ ಉಡುಪು. ಒಂದು ಆರ್ಡರಿನಲ್ಲಿ ಎಷ್ಟು ಬಣ್ಣ, ಎಷ್ಟು ಅಳತೆ, ಬಟನ್ನು, ಸ್ಟಿಕ್ಕರು! ಅಂಥದ್ದೊಂದು ಆರ್ಡರನ್ನು ನಾನೇ ಕಟ್ಟಿ ಎಲ್ಲವನ್ನೂ ಸಮನಾಗಿ ಓಡಿಸಿದೆ. ನೂಲ್ ತೆವಳಿತು. ಅಮ್ಮನಿಗೆ ಹೇಳಿದ ಹಾಗೆ ಹೇಳುವುದಾದರೆ, ಉಳಿದ ಆಳುಗಳು ಉಗ್ರಾಣಕ್ಕೆ ಹೋಗಿ ಬುಟ್ಟಿಯಲ್ಲಿ ಎಲ್ಲ ಈರುಳ್ಳಿಯನ್ನೂ ಒಟ್ಟಿಗೆ ತರುತ್ತಾರೆ. ನಮ್ಮ ನೂಲ್ ಒಂದು ಈರುಳ್ಳಿ ತಂದು ಇಟ್ಟು, ಮತ್ತೆ ಓಡಿ, ಇನ್ನೊಂದು ತರುತ್ತದೆ.

ಎರಡೂ ಫಲಿತಾಂಶ ಹಿಡಿದು ಕ್ಯಾಬಿನ್ನಿಗೆ ಹೋಗಿ ಈ ಈರುಳ್ಳಿ ಕಥೆಯನ್ನೇ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಹಾಕಿಸಿ, ಟೀ ತರಿಸಿಕೊಟ್ಟರು.

“ಕಣ್ಣು, ಬಯ್ಯರ್‌ಗೆ ಸ್ಯಾಂಪಲ್ ಪೀಸ್ ಹೊಲಿಸ್ತೀವಿ. ಯಾರ ಕೈಲಿ ಹೊಲಿಸ್ತೀವಿ? ಇರೋರಲ್ಲಿ ಒಳ್ಳೆ ಟೈಲರ್ ಕೈಲಿ ತಾನೆ?”

“ಹೌದು ಸಾರ್. ಆದರೆ ಇದು—”

“ಒಳ್ಳೆ ಮಿಷಿನ್ನು, ಒಳ್ಳೆ ಬಟ್ಟೆ, ಇಸ್ತ್ರಿ ಮಾಡಿ ಕೊಡ್ತೀವಿ. ಬಯ್ಯರ್‌ಗೂ ಗೊತ್ತು, ನಮಗೂ ಗೊತ್ತು. ಇದರಲ್ಲಿ ಪೊಯ್, ಸುಳ್ಳು, ಎಲ್ಲಿ ಬಂತು?”

“ಸಾರ್, ಸ್ಯಾಂಪಲ್ ಆದರೂ ಅದೇ ಉಡುಪಿನದ್ದಾಗಿರಬೇಕಲ್ಲ? ಫ್ರಾಕ್ ಕೇಳಿದವರಿಗೆ ಬನಿಯನ್ ತೋರಿಸ್ತಿದ್ದೀವಿ.”

ಅವರು ಮುರುಗನ ಫೋಟೋದ ಹೂವು ಸರಿಮಾಡಿದರು. ಆಮೇಲೆ ಬಿಳಿ ಬನಿಯನ್ನಿನ ವರದಿಯನ್ನೇ ನನ್ನ ಕಡೆ ತಳ್ಳಿ, “ಇದಕ್ಕೆ ಕೈಯೆಳುತ್ತು ಹಾಕು, ಬೀರು ತೆಗೀತೀನಿ” ಎಂದರು. ಸಹಿಗೆ ಅವರ ಮಾತಿನಲ್ಲಿ ಕೈಯೆಳುತ್ತು. ನನ್ನ ಕೈ ಮೇಲೇಳಲಿಲ್ಲ. ಯೋಚನೆ ಮಾಡುತ್ತೇನೆ ಸಾರ್ ಎಂದು ಎದ್ದು ಬಂದೆ.

ಆ ಬೀರು ನನ್ನ ಕುರ್ಚಿಯಿಂದ ಕಾಣುತ್ತದೆ ಧರಣಿ. ಹಸಿರು ಬಣ್ಣ, ಹಿಡಿಕೆಗೆ ಒಣಗಿದ ಹೂವಿನ ಎಸಳು. ಇಡೀ ದಿನ ಅದನ್ನೇ ನೋಡುತ್ತ ಕೂರುತ್ತೇನೆ. ಏನು ಮಾಡಲಿ, ನೀನೇ ಹೇಳು.

ದಾರಿ ಕಾಣದ
ಅಪೂರ್ವ


ವೆಳ್ಳಕೋಯಿಲ್
19 ಮೇ 2025

ಅಪೂರ್ವಾ,

ಮಾಮ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ನಾವಿಬ್ಬರೂ ಯಾವಾಗಲೋ ಜಗಳ ಆಡಿ ಹೊರಗೆ ಬಂದಿರುತ್ತಿದ್ದೆವು.

ಅವರು ಕಟಿಂಗ್ ಟೇಬಲ್ ಹತ್ತಿರ ನಿಂತು ಬೆಳೆದವರು. ಕಂಪ್ಯೂಟರ್ ತಾವೇ ಕಲಿತು, ನೂಲ್ ಬರೆದದ್ದು ಒಂದು ಬನಿಯನ್ ಯೂನಿಟ್‌ಗೆ. ಅಲ್ಲಿ ಬಿಳಿ ಬಿಟ್ಟರೆ ಬೇರೆ ಬಣ್ಣ ಇರಲಿಲ್ಲ. ಆ ಯೂನಿಟ್ ಮುಚ್ಚಿ ಹೋಯಿತು. ಮಾಮನ ತಲೆಯಲ್ಲಿ ಮಾತ್ರ ಅದು ಇನ್ನೂ ಓಡುತ್ತಾ ಇದೆ. ನೂಲ್ ನಿಧಾನ ಅಂದರೆ ಅವರಿಗೆ ಕೇಳಿಸೋದಿಲ್ಲ. ನಾನೂ ಹೇಳಿ ನೋಡಿದವಳೇ.

ಈಗ ನಾನು ಹೇಳೋದನ್ನ ಕೇಳು. ಸಹಿ ಹಾಕಿಬಿಡು. ಅದರಲ್ಲಿರೋ ನಂಬರ್ ಒಂದೂ ಸುಳ್ಳಲ್ಲ, ಬಿಳಿ ಬನಿಯನ್‌ಗೆ ಅಷ್ಟೇ ಹೊತ್ತು ಹಿಡಿಯೋದು ನಿಜ. ದೇವರಾಜನ್ ಈ ಬಿಸಿನೆಸ್‌ನಲ್ಲಿ ತಲೆ ನರೆತವರು, ಸ್ಯಾಂಪಲ್ ಅಂದರೆ ಏನು ಅಂತ ಅವರಿಗೆ ಗೊತ್ತಿರುತ್ತೆ. ಸಹಿ ಹಾಕಿ, ಫೈಲ್ ಇಸಕೊಂಡು, ಹಿಂದೆ ತಿರುಗಿ ನೋಡದೆ ರೈಲು ಹತ್ತು. ಅಮ್ಮ ಸಕ್ಕರೆ ಹಂಚಿದ್ದಾರೆ ಅಂತ ನೆನಪಿಟ್ಟುಕೋ. ನೂಲ್ ಹಣೆಬರಹ ಮಾಮಂಗಿರಲಿ.

ಬೇಗ ಹೊರಗೆ ಬಾ ಅಂತ ಕಾಯೋ
ಧರಣಿ


ಕುರಿಚಿ
15 ಜೂನ್ 2025

ಧರಣಿ,

ನಿನ್ನ ಮಾತು ಕೇಳಿದೆ. ಸಹಿ ಹಾಕಿದೆ. ಹಾಕುವಾಗ ಪೆನ್ನು ಬರೆಯಲಿಲ್ಲ, ಮಾಮ ತಮ್ಮ ಜೇಬಿನಿಂದ ತೆಗೆದುಕೊಟ್ಟರು. ಫೈಲ್ ಎಂದು ಕೇಳಿದಾಗ “ನಾಳೆ ತಿರುಪ್ಪೂರಿಗೆ ಬಾ, ದೇವರಾಜನ್ ಕೈಲಿ ವರದಿ ಕೊಟ್ಟು ಬರೋಣ, ಬಂದ ತಕ್ಷಣ ಬೀರು ತೆಗೆಯೋದೇ” ಎಂದರು. ನಾನು ಸಂತೋಷದಲ್ಲಿ ಹಾಸ್ಟೆಲಿಗೆ ಬಂದು ಸೂಟ್‌ಕೇಸ್ ಒರೆಸಿಟ್ಟೆ.

ದೇವರಾಜನ್ ನಮ್ಮನ್ನು ಆಫೀಸಿನಲ್ಲಿ ಕೂರಿಸಲಿಲ್ಲ. ನೇರವಾಗಿ ಸ್ಯಾಂಪಲ್ ರೂಮಿಗೆ ಕರೆದುಕೊಂಡು ಹೋದರು. ಗೋಡೆ ಪೂರ್ತಿ ಪುಟ್ಟ ಪುಟ್ಟ ಫ್ರಾಕು, ಜಂಪರು, ಒಂದೊಂದೂ ಪ್ಲಾಸ್ಟಿಕ್ ಕವರಿನಲ್ಲಿ, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಕಾರ್ಡು. ಕಾರ್ಡಿನ ಮೇಲೆ ಹೊಲಿದವರ ಹೆಸರು, ಅರಗಿನ ಸೀಲು. ಅವರು ವರದಿಯ ಕೊನೆ ಪುಟದಲ್ಲಿ ನನ್ನ ಸಹಿಯನ್ನು ನೋಡಿ, ಅದನ್ನೂ ಒಂದು ಕವರಿಗೆ ಹಾಕಿ, ನನ್ನ ಹೆಸರು ಬರೆದ ಕಾರ್ಡು ಕಟ್ಟಿ, ಸೀಲು ಒತ್ತಿ ಒಂದು ಗುಲಾಬಿ ಫ್ರಾಕಿನ ಪಕ್ಕದಲ್ಲಿ ನೇತು ಹಾಕಿಬಿಟ್ಟರು!

ನಾನು ನಕ್ಕೆ. ಅವರು ನಗಲಿಲ್ಲ. ಮೂಲೆಯ ಮಿಷಿನ್ನಿನ ಮುಂದೆ ಕೂತಿದ್ದವರನ್ನು ತೋರಿಸಿ, “ಇವರು ಅಯ್ಯಾಸಾಮಿ. ಆ ಗುಲಾಬಿ ಫ್ರಾಕ್ ಇವರು ಹೊಲಿದ ಸ್ಯಾಂಪಲ್. ಆ ಆರ್ಡರ್ ಹಡಗು ಹತ್ತುವವರೆಗೂ ಇವರು ಈ ಯೂನಿಟ್ ಬಿಡುವ ಹಾಗಿಲ್ಲ. ಸಾಮಾನು ಸ್ಯಾಂಪಲ್ ಥರ ಇಲ್ಲದಿದ್ದರೆ ನಾನು ಕೇಳುವುದು ಇವರನ್ನೇ. ನಮ್ಮ ಕಂಪನಿಯಲ್ಲಿ ಇದೇ ಪದ್ಧತಿ, ಬಟ್ಟೆಗೂ ಸರಿ, ಕಂಪ್ಯೂಟರ್‌ಗೂ ಸರಿ” ಎಂದು ತಮಿಳಿನಲ್ಲಿ ಹೇಳಿದರು. ಅಯ್ಯಾಸಾಮಿ ತಲೆ ಎತ್ತದೆ ಹೊಲಿಯುತ್ತಿದ್ದರು.

ಒಪ್ಪಂದ ಎರಡು ವರ್ಷಕ್ಕೆ. ಅದರಲ್ಲಿ ನನ್ನ ಹೆಸರು ಬರೆದಾಗಿದೆ. ಹಾಗಾದರೆ ಕಾರ್ಡು ಬಿಚ್ಚುವುದೇ ಇಲ್ಲವಾ ಎಂದು ಕೇಳಿದೆ. ಅದೇ ಯೂನಿಟ್ಟಿನ ಇನ್ನೊಬ್ಬ ಕೆಲಸಗಾರರು ಹೊಸದಾಗಿ ಸ್ಯಾಂಪಲ್ ಹೊಲಿದು ತಮ್ಮ ಕಾರ್ಡು ಕಟ್ಟಿದರೆ ಹಳೆಯದು ಇಳಿಯುತ್ತದಂತೆ. ನಮ್ಮ ಯೂನಿಟ್ಟಿನಲ್ಲಿ ನೂಲ್‌ನ ಒಳಗೆ ಕೈ ಹಾಕಬಲ್ಲವರು ಇನ್ಯಾರಿದ್ದಾರೆ? ಇದ್ದವಳು ಬಸ್ ಹತ್ತಿ ಹೋದಳು.

ಕಾರಿನಲ್ಲಿ ವಾಪಸ್ ಬರುವಾಗ ಮಾಮ ಖುಷಿಯಲ್ಲಿದ್ದರು. ಪಲ್ಲಡಂನಲ್ಲಿ ನಿಲ್ಲಿಸಿ ನನಗೆ ಎಳನೀರು ಕೊಡಿಸಿದರು. “ನೋಡಿದ್ಯಾ, ಎಷ್ಟು ದೊಡ್ಡ ಮರ್ಯಾದೆ! ಇನ್ನು ನೀನೂ ನಮ್ಮ ಹುಡುಗಿ” ಎಂದರು. ಬೀರು ತೆಗೆಯಲಿಲ್ಲ.

ನಿನಗೆ ಈ ಪದ್ಧತಿ ಗೊತ್ತಿತ್ತಾ? ಗೊತ್ತಿದ್ದೂ ಸಹಿ ಹಾಕು ಎಂದೆಯಾ? ಇಲ್ಲ ಎಂದು ಬರೆ. ನಂಬುತ್ತೇನೆ.

ಕವರಿನೊಳಗಿನ
ಅಪೂರ್ವ


ಕಡೂರು
6 ಜುಲೈ 2025

ಧರಣಿ,

ಉತ್ತರ ಬರಲಿಲ್ಲ.

ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಬಂದಿದ್ದೇನೆ. ಮುಂದಿನ ವಾರ ಬಸ್ ಹತ್ತಬೇಕು. ರಜೆ ಕೇಳಿದಾಗ ಮಾಮ ತಕ್ಷಣ ಕೊಟ್ಟರು. “ಹೋಗಿ ಬಾ ಕಣ್ಣು, ಫೈಲ್ ಇಲ್ಲೇ ಇದೆಯಲ್ಲ” ಎಂದು ನಕ್ಕರು. ಅಮ್ಮನಿಗೆ ಹಣ್ಣು ಕೊಟ್ಟು ಕಳಿಸಿದ್ದಾರೆ. ಅಂಥ ಮನುಷ್ಯರ ಮೇಲೆ ಹೇಗೆ ಜಗಳ ಆಡುವುದು?

ಪೊಲೀಸಿಗೆ ಹೇಳು ಎನ್ನುತ್ತಾನೆ ನನ್ನ ಚಿಕ್ಕಪ್ಪನ ಮಗ ಜೀವನ್. ಏನಂತ ಹೇಳಲಿ? ಸಹಿ ನನ್ನದು. ಫ್ರಾಕ್ ಕೇಳಿದವರಿಗೆ ಬನಿಯನ್ ತೋರಿಸಿದವಳು ನಾನು. ಎರಡು ವರ್ಷ ಆ ತೆವಳುವ ನೂಲಿಗೆ ನಾನೇ ಜವಾಬು ಹೇಳಬೇಕು, ದಿನಾ ದೇವರಾಜನ್ ಫೋನು ಎತ್ತಬೇಕು.

ಅಮ್ಮ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡೇ ಟ್ರಂಕಿನಿಂದ ಸೀರೆ ತೆಗೆಸಿದಳು, ಪಾಲಿಟೆಕ್ನಿಕ್ಕಿಗೆ ಮೊದಲ ದಿನ ಉಡಲಿಕ್ಕೆ. ತಡವಿ ನೋಡಿ, “ನೀಲಿ ತಾನೇ ಇದು?” ಎಂದಳು. ಹಸಿರಾಗಿತ್ತು. ಹೌದಮ್ಮ ನೀಲಿ ಎಂದೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ ಮೇಲೆ ಕೋಪವೂ ಬರುತ್ತಿಲ್ಲ ಕಣೇ. ಅದೇ ಭಯವಾಗುತ್ತಿದೆ.

ಅಪೂರ್ವ


ಕುರಿಚಿ
13 ಜುಲೈ 2025

ಅಪ್ಪು,

ಮೇಲೆ ಊರಿನ ಹೆಸರು ತಪ್ಪಿ ಬರೆದಿಲ್ಲ. ಮೊದಲು ಕವರಿನಲ್ಲಿ ಇರೋದನ್ನ ಎಣಿಸಿಕೋ. ಅಂಕಪಟ್ಟಿ, ಡಿಗ್ರಿ, ನಿನ್ನ ಹತ್ತನೇ ಕ್ಲಾಸಿಂದು ಕೂಡ. ಎಲ್ಲಾ ಮೂಲ. ಬಸ್ ಟಿಕೆಟ್ ತೆಗೆದಿದ್ದರೆ ಕ್ಯಾನ್ಸಲ್ ಮಾಡು.

ಪದ್ಧತಿ ನನಗೆ ಗೊತ್ತಿರಲಿಲ್ಲ. ಬಟ್ಟೆಗೆ ಮಾಡೋದು ಗೊತ್ತು, ಕಂಪ್ಯೂಟರ್ ವರದಿಗೂ ಅರಗು ಹಚ್ಚುತ್ತಾರೆ ಅಂತ ಯಾರಿಗೆ ಗೊತ್ತು? ಜೂನಲ್ಲೇ ಇದನ್ನ ಬರೆಯೋಕೆ ಕೂತೆ. ಬರೀ ‘ಗೊತ್ತಿರಲಿಲ್ಲ’ ಅಂತ ಒಂದು ಮಾತು ಬರೆದು ಕಳಿಸೋಕೆ ನಾಚಿಕೆಯಾಯಿತು. ಹಾಕು ಅಂದವಳು ನಾನು ತಾನೆ.

ಅದಕ್ಕೇ ಈ ತಿಂಗಳ ಮೊದಲಲ್ಲಿ, ನೀನು ಊರಿಗೆ ಹೋಗಿದ್ದಾಗ, ನೇರ ತಿರುಪ್ಪೂರಿಗೆ ಹೋದೆ. ದೇವರಾಜನ್‌ಗೆ ನಾನು ತಿರುಮೂರ್ತಿಯವರ ಅಕ್ಕನ ಮಗಳು, ಅದೇ ಯೂನಿಟ್ಟಿನ ಹಳೇ ಕೆಲಸದವಳು ಅಂತ ಹೇಳಿದೆ. ನಿಮ್ಮದೇ ಯಾವುದಾದರೂ ಒಂದು ಆರ್ಡರ್ ಕೊಡಿ, ಹೊಸದಾಗಿ ಹೊಲಿದು ತೋರಿಸುತ್ತೇನೆ ಅಂದೆ. ಗುಲಾಬಿ ಫ್ರಾಕಿನ ಆರ್ಡರನ್ನೇ ಕೊಟ್ಟರು. ಅವರ ಎದುರಿಗೇ ನಾಲ್ಕು ಟೂಲನ್ನೂ ಓಡಿಸಿದೆ, ಯಾವುದನ್ನೂ ಮೊದಲು ಬಿಸಿ ಮಾಡದೆ. ಮೂರು ಓಡಿ ಮುಗಿದವು. ನೂಲ್ ಮುಗಿಯೋ ಹೊತ್ತಿಗೆ ಅವರು ಒಂದು ಟೀ ಕುಡಿದು ಲೋಟ ಕೆಳಗಿಟ್ಟರು. ದೇವರಾಜನ್ ಕರೆಸಿದ್ದ ಮಾಮ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನಾನು ನೋಡಲಿಲ್ಲ.

ಹಾಗೇ ಬರೆದು ಸಹಿ ಹಾಕಿದೆ. ನೂಲ್ ಎಲ್ಲಕ್ಕಿಂತ ನಿಧಾನ, ಅಂತ. ಆರ್ಡರ್ ಕ್ಯಾನ್ಸಲ್ ಆಗುತ್ತೆ, ನಾವಿಬ್ಬರೂ ಬಚಾವು ಅಂದುಕೊಂಡಿದ್ದೆ ಅಪ್ಪು. ಸತ್ಯವಾಗಿ ಹಾಗೇ ಅಂದುಕೊಂಡಿದ್ದೆ. ದೇವರಾಜನ್, “ನನ್ನ ಈ ಸೀಸನ್ ಲೆಕ್ಕ ಎಲ್ಲಾ ನೂಲ್ ಒಳಗೆ ಹಾಕಿಸಿ ಆಯ್ತು ಮಾ. ಈಗ ಯಾರೂ ಎಲ್ಲಿಗೂ ಹೋಗೋಕಾಗಲ್ಲ. ನಿಜ ಹೇಳಿದವಳು ನೀನು, ಸರಿ ಮಾಡೋಳೂ ನೀನೇ” ಅಂದರು. ನಿನ್ನ ಕಾರ್ಡು ಬಿಚ್ಚಿ, ನನ್ನದು ಕಟ್ಟಿದರು. ಎರಡು ವರ್ಷ.

ಮಾಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಬಂದು “ಆ ಈರುಳ್ಳಿ ಕಥೆ ಅಪೂರ್ವ ಹೇಳ್ತಿದ್ದಳಲ್ಲ, ಅದನ್ನ ಹೇಗೆ ಸರಿ ಮಾಡೋದು?” ಅಂತ ಕೇಳಿದರು. ತೋರಿಸಿಕೊಡುತ್ತಾ ಇದ್ದೇನೆ. ನಿಧಾನವಾಗಿ ತಲೆಗೆ ಹೋಗುತ್ತಾ ಇದೆ. ಪಾಟಿಗೆ ಮಾತ್ರ ತುಂಬಾ ಸಂತೋಷ, ಹುಡುಗಿ ಮನೆಗೆ ವಾಪಸ್ ಬಂದಳು ಅಂತ ಊರಿಗೆಲ್ಲ ಹೇಳಿದ್ದಾಳೆ. ಎಣ್ಣೆ ಗಾಣದ ಮೇಲಿನ ರೂಮು ಬಿಟ್ಟೆ. ಬೋರ್ಡು ಬಂದಿತ್ತು, ತುಂಬಾ ಚೆನ್ನಾಗಿ ಬರೆದಿದ್ದರು. ಹಾಸ್ಟೆಲಿನಲ್ಲಿ ನಿನ್ನ ಮಂಚದ ಹಿಂದೆ ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ.

ಮಾಮ ಈಗ ಎದುರಿಗೇ ಕೂತಿದ್ದಾರೆ. “ಯಾರಿಗೆ ಬರೀತಾ ಇದ್ದೀಯ ಕಣ್ಣು?” ಅಂತ ಕೇಳಿದರು. ಅಪೂರ್ವಂಗೆ ಅಂದೆ. “ಏನಂತ?” ಅಂದರು. ಓದಿ ಹೇಳಲಾ ಮಾಮ ಅಂದೆ. ಕಾಗದ ನೋಡಿ, ಬೇಡ ಅಂದರು.

ನಿನ್ನ ಕಡೂರಿನ ಕಾಗದವನ್ನ ಪಾಟಿ ಇಲ್ಲಿಗೆ ಕಳಿಸಿದಳು. ಅಳಬೇಡ. ಬೈದು ಬರಿ, ಒತ್ತಕ್ಷರ ಜಾಸ್ತಿ ಹಾಕು. ಪರಿಶೀಲನೆಗೆ ಹಸಿರು ಸೀರೆ ಉಟ್ಟುಕೊಂಡು ಹೋಗು, ಅಮ್ಮನಿಗೆ ನೀಲಿ ಅಂತಲೇ ಇರಲಿ.

ಬೀರು ತೆಗೆದು ನಿನ್ನ ಫೈಲ್ ಕೊಟ್ಟಾಗ ಮಾಮ ಬಾಗಿಲು ಮುಚ್ಚಲಿಲ್ಲ. ಆಮೇಲೆ ನನ್ನ ಸರ್ಟಿಫಿಕೇಟ್ ಕೇಳಿದರು. ಅಕ್ಕನ ಮಗಳನ್ನ ಅವರು ಯಾವತ್ತೂ ಕೇಳಿದವರಲ್ಲ. ಕೊಟ್ಟೆ. ನಿನ್ನದು ಇದ್ದ ಜಾಗದಲ್ಲೇ ಇಟ್ಟು ಬೀಗ ಹಾಕಿದರು. ಆಯುಧ ಪೂಜೆ ದಿನ ಎಲ್ಲಾ ಫೈಲಿಗೂ ಕುಂಕುಮ ಹಚ್ಚಿದ್ದರಲ್ಲ, ನಿನ್ನದರ ಮೇಲೆ ಅದು ಇನ್ನೂ ಇದೆ. ಹೋಗೋಕೆ ಮುಂಚೆ ಒರೆಸಿಕೋ.

ನಿನ್ನ ಕುರ್ಚಿಯಲ್ಲಿ ಕೂತು ಬರೆದ
ಧರಣಿ